ಕಡೇ ಮನುಷ್ಯನ ಪಾರ್ಟು

ಕಾಕಾನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಗೆರೆಗಳೇ ಇರಲಿಲ್ಲ. ಐವತ್ತು ವರ್ಷ ಬೂದಿ ಹಚ್ಚಿ ನೂಲು ಹೊಸೆದು ಹೊಸೆದು ಆ ಎರಡು ಬೆರಳ ತುದಿಗಳು ಹುಣಸೆ ಬೀಜದಂತೆ ನುಣ್ಣಗಾಗಿದ್ದವು. ರೇಷನ್ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ಬಂದ ಹೊಸತರಲ್ಲಿ ಅದು ಕಾಕಾನನ್ನು ಒಪ್ಪಲೇ ಇಲ್ಲ. ಒತ್ತಿಸಿದರು, ಒರೆಸಿದರು, ಎಣ್ಣೆ ಹಚ್ಚಿ ಮತ್ತೆ ಒತ್ತಿಸಿದರು. ಇಂಥ ಮನುಷ್ಯನೇ ಇಲ್ಲ ಅಂತ ಯಂತ್ರ ಹಟ ಹಿಡಿಯಿತು. ಕಾಕಾ ಹಿಂದೆ ಪಾಳಿಗೆ ನಿಂತವರ ಕಡೆ ತಿರುಗಿ, "ನಾ ಇಲ್ಲಂತ ನೋಡ್ರಿ. ಹಂಗಾರ ಈ ಚೀಲಾ ಹಿಡಕೊಂಡು ನಿಂತಾಂವ ಯಾರು?" ಅಂದ. ಪಾಳಿಗೆ ಪಾಳಿಯೇ ನಕ್ಕಿತು. ತಾನು ನಗಿಸಬೇಕೆಂದಾಗ ಜನ ನಕ್ಕರೆ ಕಾಕಾಗೆ ಬಹಳ ಖುಷಿ. ನಗಿಸುವ ಇರಾದೆ ಇಲ್ಲದಾಗ ನಕ್ಕರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಅವನ ಪಾಲಿಗೆ ಬಂದದ್ದು ಹೆಚ್ಚಾಗಿ ಈ ಎರಡನೇ ಥರದ ನಗೆಯೇ.

ಆ ಬೆರಳುಗಳ ವಿಷಯ ಇನ್ನೊಂದಿಷ್ಟು ಹೇಳಬೇಕು. ನೇಕಾರರ ಮಗ್ಗದಲ್ಲಿ ಒಂದು ಸೀರೆಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದಾಗ ಅವನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟಿರುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಜೋಡಿಸಿ, ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಹೊಸೆಯುತ್ತಾರೆ. ಗಂಟಿಲ್ಲ, ಅಂಟಿಲ್ಲ, ಬರೀ ಹೊಸೆತ. ಇದಕ್ಕೆ ನಮ್ಮಲ್ಲಿ ಕೆಚ್ಚುವುದು ಅನ್ನುತ್ತಾರೆ. ಒಂದು ಹಾಸಿನಲ್ಲಿ ಸಾವಿರಾರು ಎಳೆ, ಸಾವಿರಾರು ಸಲ ಬೆರಳು ತಿರುಗಬೇಕು. ಕಾಕಾನ ಬೆರಳುಗಳಿಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಕೈಯಲ್ಲಿ ನೂಲಿಲ್ಲದಾಗಲೂ ಅವು ತಿರುಗುತ್ತಿದ್ದವು. ಅದರಲ್ಲೂ ಏನಾದರೂ ಮರೆತಾಗ. ಕಾಕಾ ಓಣಿಯ ನಡುವೆ ನಿಂತು ಬೆರಳು ತಿಕ್ಕುತ್ತಿದ್ದರೆ, ಹೆಂಡತಿ ಏನೋ ತರಲು ಕಳಿಸಿದ್ದಾಳೆ, ಅದು ಮರೆತುಹೋಗಿದೆ ಅಂತ ಎಲ್ಲರಿಗೂ ಗೊತ್ತು. "ಉಪ್ಪೇನ್ರಿ ಕಾಕಾ? ಬೆಲ್ಲ ಏನ್ರಿ?" ಅಂತ ಕಟ್ಟೆಯ ಮೇಲಿದ್ದವರು ಒಂದೊಂದೇ ನೆನಪು ಮಾಡಿಕೊಡುತ್ತಿದ್ದರು.

ಕಾಕಾ ನನಗೆ ರಕ್ತಸಂಬಂಧಿಯೇನಲ್ಲ. ಬೆಟಗೇರಿಯಲ್ಲಿ ನಮ್ಮದು ಒಂದೇ ಗೋಡೆಯ ಎರಡು ಮನೆ. ಗೋಡೆಯ ಆಚೆ ಅವನ ಮಗ್ಗ, ಈಚೆ ನನ್ನ ಹೊಲಿಗೆ ಮಷಿನ್ನು. ಅವನ ಲಾಳಿಯ ಸದ್ದು ನಿಂತರೆ ನನಗೆ ಕೆಲಸ ಬೇಸರ ಬರುತ್ತಿತ್ತು, ನನ್ನ ಮಷಿನ್ನು ನಿಂತರೆ ಅವನು ಗೋಡೆ ಬಡಿದು "ಊಟಕ್ಕ ಕುಂತೇನವಾ?" ಅಂತ ಕೇಳುತ್ತಿದ್ದ. ಹರಿದ ಬಟ್ಟೆಗೆ ರಫೂ ಮಾಡುವುದನ್ನು ನನಗೆ ಕಲಿಸಿದವನೂ ಅವನೇ. ತೂತಿನ ಅಂಚಿನಿಂದ ಎಳೆ ಎಬ್ಬಿಸಿ, ಒಂದು ಮೇಲೆ ಒಂದು ಕೆಳಗೆ ದಾಟಿಸಿ, ಹರಿದದ್ದೇ ಸುಳ್ಳು ಅನ್ನುವಂತೆ ಮಾಡುವ ಕೆಲಸ. ಇವತ್ತು ಗದಗದ ಆ ಕಡೆಯಿಂದಲೂ ಜನ ಹುಡುಕಿಕೊಂಡು ನನ್ನ ಹತ್ತಿರ ರಫೂಗೆ ಬರುತ್ತಾರೆಂದರೆ ಅದು ಅವನ ಕೈಗುಣ, ನನ್ನದಲ್ಲ.

ನಮ್ಮನ್ನು ಇನ್ನೂ ಗಟ್ಟಿಯಾಗಿ ಕಟ್ಟಿಹಾಕಿದ್ದು ಓಣಿಯ ನಾಟಕ. ದಸರಾಕ್ಕೊಂದು ನಾಟಕ ನಮ್ಮಲ್ಲಿ ತಪ್ಪುತ್ತಿರಲಿಲ್ಲ. ಕಾಕಾಗೆ ನಾಟಕದ ಹುಚ್ಚು, ಆದರೆ ಮಾತು ನೆನಪಿರುತ್ತಿರಲಿಲ್ಲ. ಹಾಗಾಗಿ ಮೂವತ್ತು ವರ್ಷ ಅವನು ಈಟಿ ಹಿಡಿದು ರಾಜನ ಬಾಗಿಲಲ್ಲಿ ನಿಂತ. ಸಂಭಾಷಣೆ ಒಂದೇ: "ಮಹಾಪ್ರಭು, ವೈರಿ ರಾಜನ ದೂತನು ಬಂದಿದ್ದಾನೆ." ನಾನು ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ಮರೆತವರಿಗೆ ಮಾತು ಹೇಳಿಕೊಡುವವಳು. ಬೇರೆಯವರಿಗೆಲ್ಲ ಸೇರಿ ಎಷ್ಟು ಹೇಳಿಕೊಡುತ್ತಿದ್ದೆನೋ, ಕಾಕಾನ ಆ ಒಂದು ವಾಕ್ಯಕ್ಕೇ ಅಷ್ಟು ಹೇಳಿಕೊಟ್ಟಿದ್ದೇನೆ. ಒಂದು ವರ್ಷ ನನಗೆ ಕೆಮ್ಮು ಬಂದು ಗಂಟಲು ಕಟ್ಟಿತ್ತು. ಕಾಕಾ ರಂಗದ ಮೇಲೆ ಬಂದ, ಬೆರಳು ತಿಕ್ಕಿದ, ನನ್ನ ಕಡೆ ನೋಡಿದ. ಕಡೆಗೆ ರಾಜನಿಗೆ, "ಮಹಾಪ್ರಭು, ಹೊರಗ ಯಾರೋ ಬಂದಾರ. ನೀವ ಒಂದೀಟು ಎದ್ದು ನೋಡ್ರಲಾ" ಅಂದುಬಿಟ್ಟ. ರಾಜ ಸಿಂಹಾಸನದ ಮೇಲೇ ನಕ್ಕ. ಅದನ್ನು ಜನ ಇನ್ನೂ ಮರೆತಿಲ್ಲ.

ಈ ನಾಟಕಗಳಿಗೆ ಒಬ್ಬಳು ಮಾತ್ರ ಬರುತ್ತಿರಲಿಲ್ಲ. ಕಾಕು, ಕಾಕಾನ ಹೆಂಡತಿ. ಮದುವೆಯಾದ ವರ್ಷ ಒಂದೇ ಒಂದು ಸಲ ಬಂದಿದ್ದಳಂತೆ. ಆವತ್ತೂ ಕಾಕಾ ಮಾತು ಮರೆತು ನಿಂತ, ಮಂದಿ ಬಿದ್ದು ಬಿದ್ದು ನಕ್ಕಿತು, ಹೊಸ ಸೊಸೆ ಸೆರಗು ಹೊದ್ದು ಎದ್ದು ಹೋದಳು. ಆಮೇಲೆ ಆಕೆ ಇತ್ತ ತಲೆ ಹಾಕಲಿಲ್ಲ. ಕಾಕಾ ಮಾತ್ರ ಪ್ರತಿ ವರ್ಷ ನಾಟಕ ಶುರುವಾಗುವ ಮೊದಲು ಮುಂದಿನ ಸಾಲಿನ ಒಂದು ಖುರ್ಚಿಯ ಮೇಲೆ ತನ್ನ ಟಾವೆಲ್ ಹಾಸಿ ಬರುತ್ತಿದ್ದ. ಮೂವತ್ತು ವರ್ಷ ಆ ಖುರ್ಚಿ ಖಾಲಿಯೇ ಉಳಿಯಿತು. ಯಾರೂ ಕೂಡುತ್ತಿರಲಿಲ್ಲ. "ಆಕಿಗೆ ನನ್ನ ಸಲುವಾಗಿ ನಾಚಿಕಿ ಬರ್ತೈತವಾ. ಬರೂವಂಥಾ ಪಾರ್ಟು ನನಗ ಇನ್ನಾ ಸಿಕ್ಕಿಲ್ಲ. ಸಿಕ್ಕ ದಿನ ಬಂದ ಬರ್ತಾಳ" ಅಂತ ನನಗೆ ಹೇಳುತ್ತಿದ್ದ. ಹೇಳುವಾಗ ನಗುತ್ತಿದ್ದ.

ಆ ಪಾರ್ಟು ನನ್ನ ಅಂಗಡಿಗೇ ಬಂತು. ಲಕ್ಷ್ಮೇಶ್ವರದ ಕಾಳುಕಡಿ ವ್ಯಾಪಾರಸ್ಥರ ಮನೆಯ ಒಬ್ಬ ತರುಣ, ಎಲ್ಲೋ ಸಿನಿಮಾ ಕಲಿತು ಬಂದವನು, ಒಂದು ಹೊಸ ಅಂಗಿ ತಂದು ಟೇಬಲ್ ಮೇಲಿಟ್ಟು, "ಅಕ್ಕಾರ, ಇದನ್ನ ಚಂದಾಗಿ ಹರದು ಕೊಡ್ರಿ" ಅಂದ. ನನಗೆ ಪಿತ್ತ ನೆತ್ತಿಗೇರಿತು. "ತಮ್ಮಾ, ಹರದದ್ದನ್ನ ಹೊಲಸಾಕ ಬರ್ತಾರ. ಹೊಲದದ್ದನ್ನ ಹರಸಾಕ ಬಂದಾಂವ ನೀನ ಮೊದಲನೇದಾಂವ" ಅಂದೆ. ಆಗ ಅವನು ಕೂತು ಕಥೆ ಹೇಳಿದ. ಬೆಂಕಿ ಬಿದ್ದು ಜಗತ್ತೆಲ್ಲ ಸುಟ್ಟು ಬೂದಿಯಾಗಿದೆ. ಊರಿಲ್ಲ, ಮಂದಿಯಿಲ್ಲ. ಒಬ್ಬ ಮುದುಕ ಮಾತ್ರ ಉಳಿದು, ಒಬ್ಬನೇ ದಿನ ದೂಡುತ್ತಾನೆ. ಅವನು ಹೆಂಗೆ ಬದುಕುತ್ತಾನೆ ಅನ್ನುವುದೇ ಸಿನಿಮಾ.

ಅಷ್ಟರಲ್ಲಿ ಕಾಕಾ ಕತ್ತರಿ ಕೇಳಲು ಒಳಗೆ ಬಂದ. ಬಂದವನು ಏನು ಕೇಳಬೇಕೆಂದು ಮರೆತು ಬಾಗಿಲಲ್ಲೇ ಬೆರಳು ತಿಕ್ಕುತ್ತ ನಿಂತ. ಒಳಗೆ ಹೋದ ಗಲ್ಲ, ಎರಡು ದಿನದ ಬಿಳಿ ಗಡ್ಡ, ತಲೆಯ ತುಂಬ ಹತ್ತಿಯ ಎಳೆ. ತರುಣ ಕಥೆ ನಿಲ್ಲಿಸಿ ಅವನನ್ನೇ ನೋಡಿದ. "ಅಜ್ಜಾರ, ಸಿನಿಮಾದಾಗ ಪಾರ್ಟು ಮಾಡ್ತೀರೇನು?" ಅಂದ.

ಕಾಕಾ ನನ್ನ ಮುಖ ನೋಡಿದ. ಆಮೇಲೆ ಅತ್ಯಂತ ಗಂಭೀರವಾಗಿ, "ಈಟಿ ನೀವ ಕೊಡ್ತೀರೋ, ನಾನ ತರಬೇಕೋ?" ಅಂತ ಕೇಳಿದ.

"ಈಟಿ ಇಲ್ರಿ. ಜಗತ್ತಿನ್ಯಾಗ ಉಳದ ಕಡೇ ಮನಷ್ಯಾನ ಪಾರ್ಟು. ಹೀರೋ ನೀವ."

"ಬಾಕಿ ಪಾತ್ರದವರು?"

"ಬಾಕಿ ಯಾರೂ ಇಲ್ರಿ. ಎಲ್ಲಾರೂ ಸತ್ತಾರ."

ಕಾಕಾ ಸ್ಟೂಲು ಎಳೆದುಕೊಂಡು ಕೂತ. ಬೆವರು ಒರೆಸಿಕೊಂಡ. "ಮಾತು ಎಷ್ಟವ?" ಅಂದ. ಒಂದೂ ಇಲ್ಲ ಅಂತ ಉತ್ತರ ಬಂತು. ಮಾತು ನೆನಪಿಡಲಾಗದ ಮನುಷ್ಯ ಇದನ್ನು ಕೇಳಿ ಕುಣಿಯಬೇಕು ತಾನೆ? ಇಲ್ಲ, ಕಾಕಾನ ಮುಖ ಸಣ್ಣಗಾಯಿತು. "ಮಾತಿಲ್ಲದ ಪಾರ್ಟು ಅಂದ್ರ ಗ್ವಾಡಿ ಇದ್ದಂಗ. ಬಾಗಲಾ ಕಾಯಾವಗೂ ಒಂದು ಮಾತಿತ್ತು. ನಮ್ಮಾಕಿ ನೋಡಾಕ ಬರಬೇಕಂದ್ರ ಮಾತು ಬೇಕ ಬೇಕು" ಅಂತ ಹಟ ಹಿಡಿದ. ಆ ತರುಣನೇ ಡೈರೆಕ್ಟರು, ಮೊದಲು ಒಪ್ಪಲಿಲ್ಲ. ಚಹಾ ಕುಡಿದ, ಗಿರ್ಮಿಟ್ ತರಿಸಿದೆ, ತಿಂದ. ಕಡೆಗೆ ಸೋತು ಒಂದು ಮಾತು ಕೊಟ್ಟ. ಸಿನಿಮಾದ ಕೊನೆಗೆ ಮುದುಕ ಗುಡ್ಡ ಹತ್ತಿ ನಿಂತು, "ಯಾರರ ಅದೀರೇನು?" ಅಂತ ಕೂಗಬೇಕು. ಅಷ್ಟೇ, ಎರಡು ಶಬ್ದ.

"ಅದನ್ನ ಒಂದೀಟು ಜರತಾರಿ ಹಚ್ಚಿ ಹೇಳಲೇನು? 'ಹೇ ವಸುಂಧರೇ, ನಿನ್ನ ಒಡಲೊಳಗೆ ಇನ್ನಾರಾದರೂ ಜೀವಂತವಿರುವರೇ?' ಹಿಂಗ?"

"ಬ್ಯಾಡ್ರಿ," ಅಂದ ಡೈರೆಕ್ಟರು. "ಮನ್ಯಾಗ ಕರದಂಗ ಕರೀರಿ, ಸಾಕು."

ಮರುದಿನದಿಂದ ಗೋಡೆಯ ಆಚೆ ತಾಲೀಮು ಶುರುವಾಯಿತು. ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಎರಡು ಸಲ ಹಾಯಿಸಿ, "ಯಾರರ ಅದೀರೇನು?" ಅಂತ ಕೂಗುತ್ತಿದ್ದ. ಅಡುಗೆಮನೆಯಿಂದ ಕಾಕು, ರೊಟ್ಟಿ ಬಡಿಯುತ್ತಲೇ, ಇಲ್ಲೇ ಇದ್ದೇನೆ ಅನ್ನುವಂತೆ, "ಅದೇನಿ, ಏನು ಬೇಕು?" ಅನ್ನುತ್ತಿದ್ದಳು. "ನಿನಗಲ್ಲ, ಪಾರ್ಟಿಂದು." "ಪಾರ್ಟಿಂದಾರ ಮೆಲ್ಲಕ ಅನ್ರಿ." ಐದು ನಿಮಿಷಕ್ಕೆ ಮತ್ತೆ ಕೂಗು, ಮತ್ತೆ "ಅದೇನಿ." ಒಂದು ತಿಂಗಳು ಇದೇ. ಮೊದಮೊದಲು ಎದುರುಮನೆಯವರು ಕಳ್ಳರು ಬಂದರೇನೋ ಅಂತ ಓಡಿ ಬಂದಿದ್ದರು. ಆಮೇಲೆ ಓಣಿಯವರಿಗೂ ರೂಢಿಯಾಗಿ, ಕಾಕು ನೀರಿಗೆ ಹೋದಾಗ ಯಾರಾದರೂ ಕಿಟಕಿಯಿಂದಲೇ "ಅದೇವ್ರಿ ಕಾಕಾ" ಅಂದುಬಿಡುತ್ತಿದ್ದರು.

ಪಾತ್ರಕ್ಕಾಗಿ ಮೈ ಇಳಿಸಬೇಕು, ಒಪ್ಪತ್ತು ಉಂಡರೆ ಒಳ್ಳೆಯದು ಅಂತ ಡೈರೆಕ್ಟರು ಹೇಳಿದ್ದು ಕಾಕುವಿನ ಕಿವಿಗೆ ಬಿತ್ತು. "ಜಗತ್ತು ಸುಟ್ಟರ ಸುಡವಲ್ದ್ಯಾಕ, ನನ್ನ ಗಂಡ ಉಪಾಸ ಇರೂದಿಲ್ಲ" ಅಂದಳು. ಚಿತ್ರೀಕರಣ ಮುಗಿಯುವವರೆಗೂ ದಿನಾ ಬುತ್ತಿ ಬರುತ್ತಿತ್ತು. ಕಟಿ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಮೊಸರು. ಹಸಿವಿನ ದೃಶ್ಯಕ್ಕೆ ಮುಂಚೆ ಕಾಕಾ ತೇಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ಒರಗುತ್ತಿದ್ದ. ಆದರೂ ಸಿನಿಮಾ ನೋಡಲು ಬರುವೆ ಅಂತ ಮಾತ್ರ ಆಕೆ ಅನ್ನಲಿಲ್ಲ, ಇವನೂ ಕೇಳಲಿಲ್ಲ.

ಚಿತ್ರೀಕರಣ ನಡೆದದ್ದು ಶಿರಹಟ್ಟಿ ದಾಟಿ ಕಪ್ಪತ್ತಗುಡ್ಡದ ಸೆರಗಿಗೆ, ಕೆಲಸ ನಿಂತ ಒಂದು ಕಲ್ಲಿನ ಗಣಿಯಲ್ಲಿ. ಇಟ್ಟಿಗೆ ಭಟ್ಟಿಗಳಿಂದ ಟ್ರ್ಯಾಕ್ಟರ್‌ಗಟ್ಟಲೆ ಬೂದಿ ತಂದು ಸುರುವಿದ್ದರು. ಬಟ್ಟೆಯ ಉಸ್ತುವಾರಿ ನನ್ನದು. ಆ ಅಂಗಿಯನ್ನು ನಾನೇ ಎದೆ ಗಟ್ಟಿ ಮಾಡಿಕೊಂಡು ಏಳು ಕಡೆ ಹರಿದು, ಮಣ್ಣಲ್ಲಿ ಹೊರಳಿಸಿ ಕೊಟ್ಟಿದ್ದೆ. ಮೊದಲ ದಿನ ಕಾಕಾ ಅದನ್ನು ತೊಟ್ಟು ಬೂದಿಯಲ್ಲಿ ನಡೆದಾಡಿದ. ಚೆನ್ನಾಗಿ ಬಂತು. ಸಂಜೆ ಅಂಗಿ ತೊಟ್ಟುಕೊಂಡೇ ಮನೆಗೆ ಹೋದ. ಮರುದಿನ ಬೆಳಿಗ್ಗೆ ಕ್ಯಾಮೆರಾ ಮುಂದೆ ನಿಂತಾಗ ಡೈರೆಕ್ಟರು ತಲೆ ಮೇಲೆ ಕೈ ಹೊತ್ತು ಕೂತ. ಏಳೂ ಹರಕು ಮಾಯ. ಕಾಕಾ ಅಷ್ಟನ್ನೂ ರಫೂ ಮಾಡಿಕೊಂಡು ಬಂದಿದ್ದ. ಎಲ್ಲಿ ಹರಿದಿದ್ದೆ ಅಂತ ನನಗೇ ಗೊತ್ತಾಗಲಿಲ್ಲ.

"ಅಜ್ಜಾರ, ಏನ್ ಮಾಡಿದ್ರಿ ಇದು? ನಿನ್ನೆ ಹರಕ ಇತ್ತು, ಇವತ್ತ ಹೊಸಾದು ಆಗೇತಿ. ನೋಡಿದ ಮಂದಿ ಏನಂದಾರು?"

"ಹರಕ ಅಂಗಿ ಮೈಮ್ಯಾಲಿದ್ರ ನನಗ ಕೈ ಸುಮ್ಮ ಇರೂದಿಲ್ಲಪಾ. ಬೆರಳ ತಾವ ಹೋಗಿ ಕುಂಡ್ರತಾವು."

"ಅಲ್ರೀ, ಜಗತ್ತಿನ್ಯಾಗ ನೀವು ಒಬ್ಬರ ಉಳದೀರಿ. ನೋಡಾವ್ರು ಯಾರೂ ಇಲ್ಲ. ಅಂಥಾದ್ರಾಗ ಅಂಗಿ ಯಾಕ ರಫೂ ಮಾಡಕೋತೀರಿ?"

ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೋಡಾವ್ರು ಇಲ್ಲಂದ್ರ ಹರಕ ಹಾಕ್ಕೋಬೇಕೇನು? ನಾ ಅದೇನಲಾ, ನೋಡಾಕ" ಅಂದ.

ನಾನು, ಆತು, ಇನ್ನೊಂದು ಅಂಗಿ ಹರಿಯಬೇಕು ಅಂತ ಕತ್ತರಿ ತೆಗೆದೆ. ಡೈರೆಕ್ಟರು ಬೇಡ ಅಂದ. ತನ್ನ ಕಾಗದಗಳನ್ನು ತೆಗೆದು ಗೀಚಿದ, ಹರಿದ, ಮತ್ತೆ ಬರೆದ. ಅವನ ಮೊದಲಿನ ಕಥೆಯಲ್ಲಿ ಮುದುಕ ಇಲಿ ಹಿಡಿಯುತ್ತಿದ್ದ, ಅಳುತ್ತಿದ್ದ, ತಲೆ ಚಚ್ಚಿಕೊಳ್ಳುತ್ತಿದ್ದ. ಅದನ್ನೆಲ್ಲ ತೆಗೆದುಹಾಕಿದ. ಹೊಸ ಕಥೆಯಲ್ಲಿ ಮುದುಕ ದಿನಾ ಎದ್ದು ತನ್ನ ಅಂಗಿಯ ಹೊಸ ಹರಕಿಗೆ ರಫೂ ಮಾಡುತ್ತಾನೆ. ಪಾಳುಬಿದ್ದ ಊರೊಂದರಲ್ಲಿ ಅವನಿಗೆ ಅರ್ಧ ನೇಯ್ದ ಮಗ್ಗ ಸಿಗುತ್ತದೆ. ಅದರ ಎಳೆಗಳು ಇನ್ನೂ ಇವೆ. ಎಲ್ಲಿಂದಲೋ ನೂಲು ಹುಡುಕಿ ತಂದು, ಸುತ್ತ ಬಿದ್ದ ಅದೇ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು, ಒಂದೊಂದೇ ಎಳೆ ಕೆಚ್ಚುತ್ತಾನೆ.

ಆ ದೃಶ್ಯವನ್ನು ನಾನು ಎದುರಿಗೆ ನಿಂತು ನೋಡಿದೆ. ಕಾಕಾ ಬೂದಿಯಲ್ಲಿ ಬೆರಳು ಅದ್ದಿದ. ಮೊದಲ ಎಳೆ ಹೊಸೆದ, ಎಳೆದು ನೋಡಿದ, ಗಟ್ಟಿ ಇದೆ ಅಂತ ತಲೆಯಾಡಿಸಿದ. ಆಮೇಲೆ ಎರಡನೆಯದು, ಮೂರನೆಯದು. ಕ್ಯಾಮೆರಾ ಇದೆ ಅನ್ನುವುದನ್ನೇ ಮರೆತ. ನಾಟಕದಲ್ಲಿ ಈಟಿ ಹಿಡಿದು ಎದೆ ಉಬ್ಬಿಸಿ ನಿಲ್ಲುತ್ತಿದ್ದ ಮನುಷ್ಯ ಇವನೇನಾ ಅನ್ನಿಸಿತು. ಒಮ್ಮೆ ಒಂದು ಎಳೆ ತುಂಡಾಯಿತು. ಯಾರೂ ಹೇಳಿಕೊಟ್ಟದ್ದಲ್ಲ, ಕಾಕಾ ಆ ಎಳೆಗೆ ತುಟಿಯಲ್ಲೇ ಮೆಲ್ಲಗೆ ಬೈದ, ಮತ್ತೆ ಹೊಸೆದ. ಡೈರೆಕ್ಟರು ನಿಲ್ಲಿಸು ಅನ್ನಲಿಲ್ಲ. ಕಡೆಗೆ ಕಾಕಾನೇ ತಲೆಯೆತ್ತಿ, "ಊಟದ ಹೊತ್ತಾತೇನು?" ಅಂದ.

ಉಳಿದದ್ದು ಕೊನೆಯ ದೃಶ್ಯ. ಅದರ ಕಾಟ ಹೇಳತೀರದು. ಮುಂಡರಗಿ ಕಡೆಯ ಗುಡ್ಡದ ಮೇಲೆ ಸಾಲುಸಾಲು ಗಾಳಿಯಂತ್ರಗಳಿವೆ. ಜಗತ್ತು ಮುಗಿದ ಮೇಲೆ ಅವು ಸತ್ತು ನಿಂತಿರಬೇಕು, ಅವುಗಳ ಕೆಳಗೆ ಮುದುಕ ಕೂಗಬೇಕು. ಆದರೆ ಗಾಳಿಗೆ ಹೆಸರಾದ ನಮ್ಮ ಗುಡ್ಡದಲ್ಲಿ ಆ ರೆಕ್ಕೆಗಳು ನಿಲ್ಲುವುದು ಯಾವಾಗ? ಮೂರು ದಿನ ಕಾದೆವು. ಕಾಕಾ ಬಂಡೆಯ ಮೇಲೆ ಕೂತು, ಗಾಳಿಗೆ ಹಾರುವ ಗಡ್ಡ ಹಿಡಿದುಕೊಂಡು ತನ್ನ ಎರಡು ಶಬ್ದ ಜಪಿಸುತ್ತಿದ್ದ. "ಈ ಸಲ ಮರಿಯೂದಿಲ್ಲವಾ. ಇದನ್ನ ಆಕಿ ನೋಡ್ಬೇಕು" ಅಂದ. ನಾನೂ ಅಭ್ಯಾಸದಂತೆ ಕ್ಯಾಮೆರಾ ಹಿಂದಿನ ಬಂಡೆಗೆ ಆನಿಕೊಂಡು ನಿಂತಿದ್ದೆ, ಬೇಕಾದರೆ ಹೇಳಿಕೊಡೋಣ ಅಂತ.

ಮೂರನೇ ದಿನ ನಡುಮಧ್ಯಾಹ್ನ ಗಾಳಿ ಬಿತ್ತು. ರೆಕ್ಕೆಗಳು ಒಂದೊಂದಾಗಿ ನಿಂತವು. "ಜಲ್ದಿ, ಜಲ್ದಿ" ಅಂತ ಡೈರೆಕ್ಟರು ಕೈ ಬೀಸಿದ. ಕಾಕಾ ಗುಡ್ಡದ ತುದಿಗೆ ಹೋಗಿ ನಿಂತ. ಕೆಳಗೆ ಕಣ್ಣು ಹರಿಯುವವರೆಗೆ ಎರೆಭೂಮಿ, ಬಿಸಿಲು, ಒಂದು ನರಪಿಳ್ಳೆಯಿಲ್ಲ. ಅವನು ಬಾಯಿ ತೆರೆದ. ಮಾತು ಬರಲಿಲ್ಲ.

ನಾನು ಅವನ ಬಲಗೈ ನೋಡಿದೆ. ಬೆರಳು ತಿರುಗುತ್ತಿದ್ದವು.

ಶಿವನೇ ಅಂದುಕೊಂಡೆ. ಬಾಯಿ ತೆರೆದೆ, "ಯಾರರ" ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆಗ ಅವನ ಮುಖ ಕಂಡಿತು. ಹೇಳಬೇಕಾದದ್ದು ಏನೋ ಇದೆ, ಅದು ಎಲ್ಲಿ ಹೋಯಿತು ಅಂತ ಅವನು ಹುಡುಕುತ್ತಿದ್ದ. ತುಟಿ ಅಲುಗುತ್ತಿತ್ತು. ಎಷ್ಟೋ ವರ್ಷ ಯಾರ ಜೊತೆಯೂ ಮಾತಾಡದೆ ಮಾತನ್ನೇ ಮರೆತ ಮನುಷ್ಯ ಹಾಗೆಯೇ ಇರುತ್ತಾನೆ. ನಾನು ಬಾಯಿ ಮುಚ್ಚಿಕೊಂಡೆ. ಖರೆ ಹೇಳಬೇಕೆಂದರೆ ಮೈಕು ಹಿಡಿದವನು ನನ್ನ ಕಡೆ ಕಣ್ಣು ಕೆಕ್ಕರಿಸಿದ್ದೂ ಒಂದು ಕಾರಣ. ಆದರೆ ಅವನು ಕೆಕ್ಕರಿಸದಿದ್ದರೂ ಆವತ್ತು ನಾನು ಹೇಳಿಕೊಡುತ್ತಿರಲಿಲ್ಲ ಅನ್ನಿಸುತ್ತದೆ. ಕಾಕಾ ಬಹಳ ಹೊತ್ತು ಹುಡುಕಿದ. ಆಮೇಲೆ ಬೆರಳು ನಿಂತವು, ಬಾಯಿ ಮುಚ್ಚಿತು, ಅವನು ಮೆಲ್ಲಗೆ ಒಂದು ಬಂಡೆಯ ಮೇಲೆ ಕೂತ. ಅಷ್ಟರಲ್ಲಿ ಗಾಳಿ ಬಂತು, ರೆಕ್ಕೆಗಳು ಮತ್ತೆ ತಿರುಗಿದವು.

ಡೈರೆಕ್ಟರು ಓಡಿಹೋಗಿ ಕಾಕಾನ ಕಾಲು ಮುಟ್ಟಿದ. ಕಣ್ಣಲ್ಲಿ ನೀರು. "ಮಾತು ಬಿಟ್ಟಬಿಟ್ರಲ್ಲರೀ ಅಜ್ಜಾರ. ಹೆಂಗ ಹೊಳೀತು ನಿಮಗ?"

ಕಾಕಾ ಒಂದು ಕ್ಷಣ ನನ್ನ ಕಡೆ ನೋಡಿದ. ಆಮೇಲೆ ಎದೆ ಉಬ್ಬಿಸಿ, ಥೇಟ್ ಬಾಗಿಲು ಕಾಯುವವನ ಠೀವಿಯಲ್ಲಿ, "ಪಾರ್ಟು ಮಾತು ಬೇಡಲಿಲ್ಲ. ಬಿಟ್ಟೆ" ಅಂದ.

ಮರಳಿ ಬರುವಾಗ ಟೆಂಪೋದಲ್ಲಿ ನನ್ನ ಪಕ್ಕ ಕೂತು, ಊರು ಹತ್ತಿರ ಬಂದ ಮೇಲೆ, "ಮರತೆನವಾ" ಅಂದ. ನನಗೆ ಗೊತ್ತು ಅಂದೆ. "ಒಂದು ತಿಂಗಳು ಒದರೀನಿ. ಇದ್ದದ್ದ ಎರಡ ಶಬ್ದ. ನಿಮ್ಮ ಕಾಕುಗ ಹೇಳಬ್ಯಾಡ." ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಸಿನಿಮಾ ತಯಾರಾಗಿ, ಗದಗಿನ ಒಂದು ಟಾಕೀಸಿನಲ್ಲಿ ಒಂದು ಬೆಳಗಿನ ಆಟ ಅಂತ ಗೊತ್ತಾಯಿತು. ಮೂವತ್ತು ವರ್ಷ ಹೆಂಡತಿ ಬರಲಿ ಅಂತ ಖುರ್ಚಿಗೆ ಟಾವೆಲ್ ಹಾಸಿದ ಮನುಷ್ಯ ಈಗ ಆಕೆ ಬರದಿರಲಿ ಅಂತ ಹವಣಿಸತೊಡಗಿದ. "ಟಾಕೀಸಿನ ಖುರ್ಚಿ ನಿನಗ ಸೊಂಟಕ್ಕ ಆಗಿ ಬರೂದಿಲ್ಲ" ಅಂದ. "ಬರೇ ಬೂದಿ ಐತಿ, ನೋಡೂವಂಥಾದ್ದೇನೂ ಇಲ್ಲ" ಅಂದ. "ಹಿರೇಹಂದಿಗೋಳದಾಗ ನಿಮ್ಮ ತಂಗಿ ಮನಿಗೆ ಹೋಗಿ ಬರಬಾರದ?" ಅಂದ. ಕಾಕು ಅನುಮಾನ ಪಟ್ಟಳು. ಸೊಂಟದ ಮೇಲೆ ಕೈಯಿಟ್ಟು, "ನಾಕು ದಿನ ಅಲ್ಲ, ನಾಕು ವರ್ಷ ಅಲ್ಲ, ಮೂವತ್ತು ವರ್ಷ ಬಾ ಬಾ ಅಂದ್ರಿ. ಈಗ್ಯಾಕ ಬ್ಯಾಡ? ಈಗ ನಾ ಬರಾಕಿನ" ಅಂದಳು. ಹೊಸ ಸೀರೆ ಉಟ್ಟು, ಓಣಿಗೇ ಮೊದಲು ಹೊರಟು ನಿಂತಳು. ಕಾಕಾ ಗತಿಯಿಲ್ಲದೆ ಟಾಕೀಸಿನಲ್ಲಿ ಒಂದು ಖುರ್ಚಿಗೆ ಟಾವೆಲ್ ಹಾಸಿದ. ಆಕೆ ಅದರ ಮೇಲೆ ಕೂತಳು. ಈ ಕಡೆ ನಾನು. ಕಾಕಾ ಮಾತ್ರ ಕೂಡಲೊಲ್ಲದೆ ಬಾಗಿಲ ಹತ್ತಿರ ಹೋಗಿ ನಿಂತ, ಕೈಯಲ್ಲಿ ಈಟಿಯೊಂದು ಇರಲಿಲ್ಲ ಅಷ್ಟೇ.

ಸಿನಿಮಾ ನಡೆಯಿತು. ಅಂಗಿಗೆ ರಫೂ ಮಾಡುವಾಗ ಕಾಕು, "ಈ ಚಟಾ ಅಲ್ಲೂ ಬಿಟ್ಟಿಲ್ಲ" ಅಂತ ಗೊಣಗಿದಳು. ಮಗ್ಗದ ದೃಶ್ಯ ಬಂದಾಗ ಖುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಕೊನೆಗೆ ಗುಡ್ಡ, ಸತ್ತ ಗಾಳಿಯಂತ್ರಗಳು, ಆಕಾಶದಷ್ಟು ದೊಡ್ಡದಾಗಿ ಕಾಕಾನ ಮುಖ. ಬಾಯಿ ತೆರೆದ. ಮಾತಿಲ್ಲ. ಕ್ಯಾಮೆರಾ ಕೆಳಗಿಳಿದು ಅವನ ಬೆರಳು ತೋರಿಸಿತು. ಕಾಕು ಗಬಕ್ಕನೆ ನನ್ನ ರಟ್ಟೆ ಹಿಡಿದಳು. "ಮರತಾರ," ಅಂತ ಪಿಸುಗುಟ್ಟಿದಳು. "ಅಯ್ಯ ಶಿವನ, ಮರತಾರ."

ಆಕೆ ಪರದೆ ನೋಡುವುದು ಬಿಟ್ಟು ಹಿಂದಕ್ಕೆ ತಿರುಗಿ ಮಂದಿಯ ಮುಖ ನೋಡತೊಡಗಿದಳು. ಒಂದು ಸಾಲು, ಎರಡು ಸಾಲು, ಆ ಮೂಲೆಯಿಂದ ಈ ಮೂಲೆಗೆ. ನನ್ನ ರಟ್ಟೆಯಲ್ಲಿ ಆಕೆಯ ಉಗುರು ಊರಿದ್ದವು. ನಮ್ಮ ಓಣಿಯ ರಾಜನ ಪಾರ್ಟಿನವನು ಕಣ್ಣು ಒರೆಸಿಕೊಳ್ಳುತ್ತಿದ್ದ. ದೀಪ ಹತ್ತಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ತಟ್ಟಿಯೇ ತಟ್ಟಿದರು. ಕಾಕಾ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಹೊರಗೆ ಬಂದ ಮೇಲೆ ಅವನು ಹೆಂಡತಿಯ ಮುಂದೆ ಬಂದು ನಿಂತ. ಬೆರಳು ತಿರುಗುತ್ತಿದ್ದವು. "ಹೆಂಗಾತು?" ಅಂದ.

"ಯಾರೂ ನಗಲಿಲ್ಲ ರೀ," ಅಂದಳು ಕಾಕು. ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ಮರತ್ರಿ, ಯಾರೂ ನಗಲಿಲ್ಲ. ನಾ ತಿರಿಗಿ ನೋಡೇನಿ."

"ನಿನಗ ನನ್ನ ಸಲುವಾಗಿ ನಾಚಿಕಿ ಅಂತ ತಿಳಕೊಂಡಿದ್ದೆ ನಾ, ಇಷ್ಟು ವರ್ಷ."

"ನಾಚಿಕಿ ಯಾಕ ಬರಬೇಕು? ನಿಮ್ಮನ್ನ ನೋಡಿ ಮಂದಿ ನಕ್ಕರ ನನಗ ತಡಕೊಳ್ಳಾಕ ಆಗೂದಿಲ್ಲ. ಎದ್ದು ಎಲ್ಲಾರ ಕಪಾಳಕ್ಕ ಹೊಡದೇನಂತ ಹೆದರಿ ಬರಲಿಲ್ಲ."

ಕಾಕಾ ನಗತೊಡಗಿದ. ಬಸ್‌ಸ್ಟ್ಯಾಂಡಿನವರೆಗೂ ನಗುತ್ತಲೇ ನಡೆದ. ದಾರಿಯಲ್ಲಿ ಮೂವರಿಗೂ ಚುರುಮುರಿ ಒಗ್ಗರಣಿ, ಮಿರ್ಚಿ ಭಜಿ ಕೊಡಿಸಿದ. ಎರಡು ದಿನದಲ್ಲಿ ಕಾಕುವೇ ಓಣಿಯ ತುಂಬ ಗುಟ್ಟು ರಟ್ಟು ಮಾಡಿದಳು. "ಎಲ್ಲಾರೂ ನೆನಪಿಟ್ಟು ಚಪ್ಪಾಳಿ ಹೊಡಸ್ಕೋತಾರ, ನಮ್ಮವರು ಮರತು ಹೊಡಸ್ಕೊಂಡ್ರು" ಅಂತ. ಮಲ್ಲಸಮುದ್ರ, ಕುರ್ತಕೋಟಿಯಿಂದ ಜನ ಮಾತಾಡಿಸಲು ಬರುತ್ತಿದ್ದರು. ಕಾಕಾ ಮಗ್ಗದಿಂದ ಏಳದೆಯೇ ಅವರನ್ನು ಮಾತಾಡಿಸುತ್ತಿದ್ದ. ಮುಂದಿನ ದಸರಾದಲ್ಲಿ ದೊಡ್ಡ ಪಾರ್ಟು ಕೊಡುತ್ತೇವೆ ಅಂದರೆ ಬೇಡ ಅಂದ. ಮತ್ತೆ ಈಟಿ ಹಿಡಿದೇ ನಿಂತ, ಮತ್ತೆ ಮಾತು ಮರೆತ, ಜನ ಮತ್ತೆ ನಕ್ಕರು. ಟಾವೆಲ್ ಹಾಸಿದ ಖುರ್ಚಿಯಲ್ಲಿ ಕೂತಿದ್ದ ಕಾಕು ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ದಿನದ ಅವನ ಮುಖ ನನಗೆ ಮರೆಯಲು ಬರುವುದಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಉಂಡು ಮಗ್ಗದ ಪಕ್ಕ ಒರಗಿದವನು ಏಳಲಿಲ್ಲ. ಮಗ್ಗದ ಮೇಲೆ ಸೀರೆ ಮುಗಿಯಲು ಇನ್ನೂ ಒಂದು ಮೊಳ ಇತ್ತು. ನನ್ನ ಮಷಿನ್ನು ನಿಂತಿದ್ದರೂ ಗೋಡೆ ಬಡಿಯುವ ಸದ್ದು ಬರಲಿಲ್ಲವಲ್ಲ ಅಂತ ಎದ್ದು ಹೋದವಳೇ ನಾನು. ನಾನೂ ಅತ್ತೆ, ಎಲ್ಲರೂ ಅತ್ತರು. ದುಃಖವಾಗಲಿಲ್ಲ ಅಂದರೆ ಸುಳ್ಳು.

ದಸರಾ ಬಂದಾಗ ಓಣಿಯವರು ನಾಟಕದ ಬದಲು ಕಾಕಾನ ಸಿನಿಮಾ ತೋರಿಸೋಣ ಅಂದರು. ಹೊತ್ತು ಮುಳುಗುವಾಗ ನಡುರಸ್ತೆಯಲ್ಲಿ ಒಂದು ಬಿಳಿ ಚಾದರ ಕಟ್ಟಿದೆವು. ಮುಂದಿನ ಸಾಲಿನ ಒಂದು ಖುರ್ಚಿಯ ಮೇಲೆ ಈ ಸಲ ಕಾಕಾನಿಗಾಗಿ ಟಾವೆಲ್ ಹಾಸಿದವಳು ಕಾಕು. ಅದರ ಪಕ್ಕದಲ್ಲಿ ತಾನು ಕೂತಳು. ನಾನು ಅಭ್ಯಾಸದಂತೆ ಪರದೆಯ ಪಕ್ಕಕ್ಕೆ ನಿಂತಿದ್ದೆ. ಕೈಯಲ್ಲಿ ಪುಸ್ತಕವಿರಲಿಲ್ಲ.

ರಫೂ ಬಂತು, ಮಗ್ಗ ಬಂತು, ಗುಡ್ಡ ಬಂತು. ಸತ್ತು ನಿಂತ ರೆಕ್ಕೆಗಳ ಕೆಳಗೆ ಕಾಕಾ ಬಾಯಿ ತೆರೆದು ನಿಂತ. ಅವನು ಏನು ಮರೆತಿದ್ದಾನೆ ಅಂತ ಓಣಿಯ ಒಬ್ಬೊಬ್ಬರಿಗೂ ಗೊತ್ತಿತ್ತು. ಬೆರಳು ತಿರುಗುತ್ತಿದ್ದವು, ತುಟಿ ಅಲುಗುತ್ತಿತ್ತು, ಅವನು ಹುಡುಕುತ್ತಲೇ ಇದ್ದ. ಆಗ ಮುಂದಿನ ಸಾಲಿನಿಂದ ಕಾಕು, ರೊಟ್ಟಿ ಬಡಿಯುತ್ತ ಅಡುಗೆಮನೆಯಿಂದ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು.

"ಅದೇನಿ ರೀ. ಇಲ್ಲೇ ಅದೇನಿ."

ಪರದೆಯ ಮೇಲೆ ಕಾಕಾನ ಬೆರಳು ನಿಂತವು. ಅವನು ಬಾಯಿ ಮುಚ್ಚಿ, ಮೆಲ್ಲಗೆ ಆ ಬಂಡೆಯ ಮೇಲೆ ಕೂತ.